ದೀಪದ ಪೆಟ್ಟಿಗೆಯೊಳಗಿನ ಕಲ್ಲು

ಪರೀಕ್ಷಕರು ಪರದೆ ಎಳೆದು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದರು.

"ಮುಚ್ಚಳ ತೆಗೆಯೋವರೆಗೂ ಯಾರೂ ಹೊರಗೆ ಹೋಗೋ ಹಾಗಿಲ್ಲ. ತಪ್ಪು ತಿಳ್ಕೋಬೇಡಿ, ಇದು ಪದ್ಧತಿ."

ಕಲ್ಲು ಕತ್ತರಿಸುವವನ ಬೆನ್ನು ಬೆವರಿತು. ಪ್ರಯೋಗಾಲಯದ ಮುಖ್ಯಸ್ಥೆ ಅವನ ಅತ್ತಿಗೆಯೇ. ಬಿಳಿಚಿಕೊಂಡ ಕಲ್ಲನ್ನು ಅವರು ನೇರಳಾತೀತ ದೀಪದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು.

ಯಾವ ಪುಸ್ತಕದಲ್ಲೂ ಇಲ್ಲದ ಸಿಲಿಕೇಟ್ ಖನಿಜ ಅದು. ಇದ್ದದ್ದು ಒಂದೇ ತುಂಡು. ಬಿಸಿಲು ಬಿದ್ದರೆ ಅದರ ನೇರಳೆ ಬಣ್ಣ ಹಾರಿಹೋಗಿ ಬೆಣಚುಕಲ್ಲಿನಂತಾಗುತ್ತದೆ. ಈ ದೀಪದ ಬೆಳಕು ತಾಗಿದರೆ ಬಣ್ಣ ಮರಳುತ್ತದೆ. ಮರಳದಿದ್ದರೆ ಅತ್ತಿಗೆಯ ಶೋಧವೇ ಸುಳ್ಳು. ಮಾನ ಮೂರು ಕಾಸಿಗೆ ಹರಾಜು.

ಗಣಿಯ ಕಸದ ರಾಶಿಯಲ್ಲಿ ಅದನ್ನು ಮೊದಲು ಕಂಡವನು ಇವನು. ಹೊಗಳಿಕೆಯೆಲ್ಲ ಅತ್ತಿಗೆಯ ಪಾಲಾಯಿತು. ಹೊಟ್ಟೆ ಉರಿಯಿತು. ದೀಪ ಕೆಟ್ಟು ಕೂತಿದ್ದಾಗ, ಅದಲುಬದಲು ಮಾಡಲೆಂದು ಬೆಣಚುಕಲ್ಲಿನಲ್ಲಿ ಅದರ ಜೋಡಿಯನ್ನು ಕಡೆದ: ಅದೇ ಅಳತೆ, ಅದೇ ಮೂಲೆ, ಅದೇ ಗೀರು. ಎರಡನ್ನೂ ಕಿಟಕಿಯ ಬಿಸಿಲಿನಲ್ಲಿ ಪಕ್ಕಪಕ್ಕ ಇಟ್ಟು, ಹೆತ್ತ ತಾಯಿಗೂ ಗುರುತು ಸಿಗದು ಎಂದು ಬೀಗುತ್ತಿದ್ದ. ಅಷ್ಟರಲ್ಲಿ ಅತ್ತಿಗೆಯ ಚಪ್ಪಲಿ ಸದ್ದು. ಗಡಿಬಿಡಿಯಲ್ಲಿ ಒಂದು ಪ್ರಯೋಗಾಲಯದ ಡಬ್ಬಿ ಸೇರಿತು, ಇನ್ನೊಂದು ಅವನ ಜೇಬು.

ಜೇಬಿನ ಕಲ್ಲನ್ನು ಮನೆಯಲ್ಲಿಡಲು ಧೈರ್ಯ ಸಾಲದೆ ಅಲ್ಲೇ ಹೊತ್ತು ತಿರುಗುತ್ತಿದ್ದ. ಇಂದು ನೋಡಿದರೆ, ಪರೀಕ್ಷಕರು ಬರುವಾಗಲೇ ದೀಪಕ್ಕೆ ಹೊಸ ಬಲ್ಬು ತಂದಿದ್ದರು.

"ಯಾಕೋ ಇಷ್ಟು ಬೆವರ್ತಿದ್ದೀಯ?"

"ಸೆಕೆ, ಅತ್ತಿಗೆ."

"ಹೆದರಬೇಡ. ನೀನು ಹುಡುಕಿದ ಕಲ್ಲು ಕೈ ಕೊಡಲ್ಲ." ಅವರು ವರದಿಯನ್ನು ಅವನ ಮುಂದೆ ಸರಿಸಿದರು. "ನೋಡು, ಮೊದಲ ಹೆಸರು ನಿಂದೇ ಹಾಕಿದ್ದೀನಿ."

ಮುಚ್ಚಳ ತೆರೆದರೆ ಅತ್ತಿಗೆ ಮುಳುಗುತ್ತಾರೆ. ಬಾಯಿ ತೆರೆದರೆ ತಾನು. ಓಡೋಣವೆಂದರೆ ಬಾಗಿಲಿಗೆ ಬೀಗ. ಪರೀಕ್ಷಕರ ಕೈ ಮುಚ್ಚಳದತ್ತ ಹೋಯಿತು.

"ತೆಗೀಬೇಡಿ ಸಾರ್! ಅದು ನಕಲಿ. ಅಸಲಿ ಕದ್ದವನು ನಾನು." ಜೇಬಿನ ಕಲ್ಲನ್ನು ಮೇಜಿನ ಮೇಲಿಟ್ಟ. "ಅತ್ತಿಗೆಗೆ ಇದೇನೂ ಗೊತ್ತಿಲ್ಲ. ನನ್ನನ್ನ ಏನು ಬೇಕಾದ್ರೂ ಮಾಡಿ."

ಅತ್ತಿಗೆ ವರದಿಯನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು, ವರದಿಯ ಮೊದಲ ಹೆಸರನ್ನು ಹೊಡೆದುಹಾಕಿದರು.

ಪದ್ಧತಿಯಂತೆ ಪರೀಕ್ಷಕರು ಮುಚ್ಚಳ ತೆಗೆದರು. ಒಳಗಿದ್ದ ಕಲ್ಲು ಕಡು ನೇರಳೆಯಾಗಿತ್ತು.