ಹೊತ್ತು ಮುಳುಗುವುದರೊಳಗೆ

ಒದ್ದೆ ಮರಳಿನ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಸೂರ್ಯನನ್ನು ಹುಡುಕುತ್ತದೆ.

ಬೇಸಿಗೆಯಲ್ಲಿ ಕನ್ನಡ ಕಲಿಯಲು ಪೋಲೆಂಡಿನಿಂದ ಐನಾಪುರದ ನಮ್ಮ ಮನೆಗೆ ಬಂದಿದ್ದ ಹಾನಾಳನ್ನು ಕೃಷ್ಣಾ ನದಿಗೆ ಕರೆದೊಯ್ದವಳು ನಾನು.

"ಮೀನಿನಂಗ ನೀರಾಗ ಕುಂದರಬ್ಯಾಡ್ರಿ. ಮನಿಗೆ ಬಂದಾಕಿ ಉಂಡ ಮ್ಯಾಲ ನಾ ಉಣ್ಣಾಕಿ," ಎಂದಿದ್ದಳು ಅಜ್ಜಿ. ಜೈನರ ನೇಮ ಹಿಡಿದವಳು, ಹೊತ್ತು ಮುಳುಗಿದರೆ ನೀರೂ ಮುಟ್ಟುತ್ತಿರಲಿಲ್ಲ.

"ಇನ್ನೊಂದ್ಸಲ ಮುಳುಗೂಣು" ಎಂದದ್ದು ಹಾನಾ ಎಂದೇ ಹೇಳಿಕೊಂಡು ಬಂದಿದ್ದೇನೆ. ನಾನೇ ಇರಬೇಕು. ಓಡುತ್ತ ಬರುವಾಗ ಕಬ್ಬಿನ ಆಚೆ ಸೂರ್ಯ ಇಳಿಯುತ್ತಲೇ ಇದ್ದ.

ಮನೆ ಮುಟ್ಟಿದಾಗ ಬೀದಿದೀಪ ಹತ್ತಿತ್ತು. ಅಜ್ಜಿ ರೊಟ್ಟಿ, ಹೆಸರುಕಾಳಿನ ಪಲ್ಲೆ ಬಡಿಸಿದಳು.

"ಅಜ್ಜಿ, ನಿಮ್ಮ ಊಟ ಆಯಿತೇ?" ಹಾನಾ ಕೇಳಿದಳು.

"ಆಗಳೇ ಆತವ್ವ. ನೀ ಉಣ್ಣು."

ಅಜ್ಜಿಯ ಒಣಗಿದ ತುಟಿಯನ್ನೇ ನೋಡುತ್ತ, ನನ್ನ ನೀರಿನ ಲೋಟವನ್ನು ಕುಡಿಯಲಾಗದೆ ಹಿಡಿದು ಕೂತೆ.