ಸರಿಯಾದ ಹೆಸರು

ಆರೋಗ್ಯ ಕಾರ್ಡಿನ ಜಾಲತಾಣದಲ್ಲಿ ಹೆಸರಿನ ಜಾಗಕ್ಕೆ ಅಕ್ಷರ ಬಿಟ್ಟು ಬೇರೇನೂ ನುಸುಳಕೂಡದೆಂದು ನಿರ್ದೇಶಕರು ಅಪ್ಪಣೆ ಮಾಡಿದ್ದರು. ಪ್ರೋಗ್ರಾಮರ್ ಸಿಂಚನಾ ರೆಜೆಕ್ಸ್ ಎಂಬ ಒಂದೇ ಸಾಲಿನ ಕೋಡ್ ಬರೆದು ಕಾವಲಿಗೆ ಕೂರಿಸಿದಳು. ಅಕ್ಷರವಲ್ಲದ್ದು ಏನು ಕಂಡರೂ ಅದು ಕತ್ತು ಹಿಡಿದು ಹೊರಗೆ ತಳ್ಳುತ್ತಿತ್ತು. ಪ್ರಾಯೋಗಿಕವಾಗಿ ತೆರೆದ ದಿನವೇ ಇನಿಷಿಯಲ್ ಇದ್ದವರೆಲ್ಲ ಹೊರಗೆ ಬಿದ್ದರು. ಸಿಂಚನಾ ನಿರ್ದೇಶಕರ ಕೋಣೆಗೆ ಹೋದಳು.

“ಸರ್, ಡಯಾಲಿಸಿಸ್ ಪೇಷೆಂಟ್ ಒಬ್ರು ಬೆಳಿಗ್ಗೆಯಿಂದ ಫೋನ್ ಮಾಡ್ತಿದ್ದಾರೆ. ಇನಿಷಿಯಲ್ ಪಕ್ಕದ ಚುಕ್ಕೆ ನೋಡಿ ನಮ್ಮ ರೂಲ್ ಅವರ ಹೆಸರೇ ತಪ್ಪು ಅನ್ನುತ್ತೆ.”

“ಚುಕ್ಕೆ ಬಿಟ್ಟು ಬರೀಲಿ.”

“ಬಿಟ್ರೆ ರೇಷನ್ ಕಾರ್ಡಿಗೆ ತಾಳೆ ಆಗಲ್ಲ ಸರ್.”

“ಹಾಗಾದ್ರೆ ರೇಷನ್ ಕಾರ್ಡ್ ತಿದ್ದಿಸ್ಕೊಂಡು ಬರ್ಲಿ. ಒಬ್ಬೊಬ್ಬರ ಹೆಸರಿಗೆ ತಕ್ಕಂತೆ ಕುಣಿಯೋಕೆ ಸರ್ಕಾರ ಏನು ಅವರ ಮನೆ ಆಳಾ? ರೂಲ್ ಅಂದ್ರೆ ರೂಲ್!”

ಉದ್ಘಾಟನೆಯ ದಿನ ಮೊದಲ ಕಾರ್ಡು ಮಂತ್ರಿಗಳದ್ದೇ ಆಗಬೇಕಿತ್ತು. ಕ್ಯಾಮೆರಾಗಳ ಮುಂದೆ ಅವರು ಮೂರು ಇನಿಷಿಯಲ್‌ಗಳ ಸಮೇತ ತಮ್ಮ ಹೆಸರನ್ನು ಗತ್ತಿನಿಂದ ಟೈಪ್ ಮಾಡಿದರು. ದೊಡ್ಡ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ದಯವಿಟ್ಟು ಸರಿಯಾದ ಹೆಸರು ನಮೂದಿಸಿ.’

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನಿರ್ದೇಶಕರು ಬೆವರು ಒರೆಸಿಕೊಳ್ಳುತ್ತ ವೇದಿಕೆಯ ಹಿಂದೆ ಕೂತಿದ್ದ ಸಿಂಚನಾಳ ಬಳಿಗೆ ಓಡಿಬಂದರು.

“ಆ ದರಿದ್ರ ರೂಲ್ ಈಗಿಂದೀಗ್ಲೇ ಬದಲಾಯಿಸಮ್ಮ! ಹೆಸರಲ್ಲಿ ಚುಕ್ಕೆ ಇರಬಾರದು ಅಂತ ಯಾವ ಮುಠ್ಠಾಳ ಹೇಳಿದ್ದು?”

ಆ ಡಯಾಲಿಸಿಸ್ ರೋಗಿಯನ್ನು ನೆನೆದು ಸಿಂಚನಾಳಿಗೆ ಹೋದ ಜೀವ ಬಂದಂತಾಗಿತ್ತು. ಕೀಲಿಮಣೆಗೆ ಕೈಹಾಕಿ ಕೇಳಿದಳು, “ಎಲ್ಲರ ಇನಿಷಿಯಲ್ಲೂ ತಗೊಳ್ಳೋ ಹಾಗೆ ಮಾಡ್ಲಾ ಸರ್?”

“ಎಲ್ಲರದ್ದು ಯಾಕಮ್ಮ? ಸಾಹೇಬ್ರದ್ದೊಂದು ಸೇರಿಸು, ಸಾಕು.”