ಚುಕ್ಕೆ

ಮಾನ್ಯ ವಾಚಕರೇ, ಗಂಗಾಧರನು ಹೊಸ ಜಿಪಿಎಸ್ ಆರಿಸಿಕೊಡೆಂದು ತನ್ನ ಹಳೆಯದನ್ನು ಗೆಳೆಯ ನಂದಕಿಶೋರನ ಕೈಗಿತ್ತ ಗಳಿಗೆಗೆ ದಯಮಾಡಿ ಬನ್ನಿ. ಅಕ್ಷಾಂಶ-ರೇಖಾಂಶದ ಅಂಕಿಗಳ ಜಾಡು ಹಿಡಿದು, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವುದು ಇಬ್ಬರ ಹವ್ಯಾಸ.

"ಹೋದ ತಿಂಗಳು ಇದನ್ನ ನಂಬಿ ಅಂತರಗಂಗೆ ಬೆಟ್ಟದಲ್ಲಿ ಸಂಜೆವರೆಗೂ ಹುಡುಕಿದೆ. ಡಬ್ಬಿ ಸಿಗಲಿಲ್ಲ ಕಣೋ," ಎಂದ ಗಂಗಾಧರ.

ಅವನ ಮೊಬೈಲಿಗೆ ಬಂದಿದ್ದ ಅಂಕಿಗಳನ್ನು ನೋಡಿ ನಂದಕಿಶೋರ ನಕ್ಕ. "ಲೇ, ಇದು ಎಂಟು ಪಾಯಿಂಟ್ ಮೂವತ್ತು ಮಿನಿಟು. ನೀನು ಎಂಟು ಮಿನಿಟು, ಮೂವತ್ತು ಸೆಕೆಂಡು ಅಂತ ಹಾಕಿದ್ದೀಯ. ಚುಕ್ಕೆ ಕಾಣಿಸ್ಲಿಲ್ವೇನ್ಲಾ? ಬೇರೆ ಬಂಡೆ ಹತ್ರ ಹೋಗಿದ್ದೀಯ!"

ಗಂಗಾಧರ ನಗಲಿಲ್ಲ. ಅಂಕಿಗಳನ್ನು ಕಳಿಸಿದವಳು ವೇದವತಿ. ಡಬ್ಬಿಯ ಪಕ್ಕದಲ್ಲೇ ಕಾದಿರುತ್ತೇನೆ, ನೀನು ಬಾರದಿದ್ದರೆ ಅಪ್ಪ ನೋಡಿದ ಗಂಡನ್ನು ಒಪ್ಪುತ್ತೇನೆ ಎಂದಿದ್ದಳು. ನಿನ್ನೆ ಮಾಲೂರಿನಲ್ಲಿ ಅವಳ ಮದುವೆ ಮುಗಿದಿತ್ತು.

ಅವನು ಅಂಕಿ ತಿದ್ದಿ, ಹಳೆಯ ಜಿಪಿಎಸ್ಸನ್ನೇ ಚೀಲಕ್ಕೆ ಹಾಕಿಕೊಂಡು ಎದ್ದ.

"ಎಲ್ಲಿಗೋ?"

"ಬೆಟ್ಟಕ್ಕೆ. ಡಬ್ಬಿಯಾದ್ರೂ ಅಲ್ಲೇ ಇರ್ತದೆ," ಎಂದು ಹೊರಟ.